ಈಟೆನ್‌ನಲ್ಲಿ ಎರಡು ಹೊತ್ತಿನ ಓಟ

ಈಟೆನ್ ಎಂಬ ಊರಿಗೆ ನೀವು ಹೋದರೆ ಸಂಜೆ ಐದರ ಸುಮಾರಿಗೆ ಯಾರ ಮನೆಯ ಬಾಗಿಲನ್ನೂ ತಟ್ಟಬೇಡಿ. ಅರ್ಧ ಊರು ಓಡಲು ಹೋಗಿರುತ್ತದೆ. ಬೆಳಿಗ್ಗೆ ಒಮ್ಮೆ ಓಡಿ ಬಂದವರೇ ಮತ್ತೆ ಅದೇ ಬೂಟು ಕಟ್ಟಿಕೊಂಡು ಹೊರಡುತ್ತಾರೆ. ಯಾಕೆ, ಬೆಳಗಿನದು ಸಾಲಲಿಲ್ಲವೇ ಎಂದು ನಾನೂ ಕೇಳಿದ್ದೆ. ಅದರ ಉತ್ತರ ನನ್ನ ತಲೆಗೆ ಹೋಗುವಷ್ಟರಲ್ಲಿ ಸೊಸೆಯ ಒಂದು ಕಾಲು ಕೆಡುವುದರಲ್ಲಿತ್ತು.

ನನ್ನಂಥವಳು ಕೀನ್ಯಾ ದೇಶಕ್ಕೆ ಹೋದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಮರಾಠಿ ಸೀಮೆಯ ಜತ್ತ ತಾಲೂಕಿನ ಸನಮಡಿ. ಹೊಲ, ಮನೆ, ಎರಡು ಹೊತ್ತಿನ ಲಿಂಗಪೂಜೆ, ಇಷ್ಟರಲ್ಲಿ ನನ್ನ ಆಯುಷ್ಯ ಚಲೋ ಕಳೆದಿದೆ. ದೂರದ ಪ್ರಯಾಣವೆಂದರೆ ಶ್ರೀಶೈಲಕ್ಕೆ ಹೋದದ್ದು. ಸೊಸೆ ಗೌರಿ ಶೇಗಾಂವದ ಮಗಳು, ಸಾಲೆಯಲ್ಲಿದ್ದಾಗಿನಿಂದ ದೂರದ ಓಟ ಓಡುವವಳು. ಮದುವೆಯಾದ ಮೇಲೂ ನಸುಕಿನಲ್ಲಿ ಎದ್ದು ಓಡುತ್ತಿದ್ದಳು. ಆಮೇಲೆ ಕೂಸು ಹುಟ್ಟಿತು, ಲೀಲಾ ಎಂದು ಹೆಸರಿಟ್ಟೆವು, ಓಟ ನಿಂತಿತು. ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಪುಣೆಯ ಕಡೆಯ ಓಟಗಾರರ ಒಂದು ಬಳಗ, ಗೌರಿಯನ್ನು ಮೊದಲಿನಿಂದ ಬಲ್ಲವರು, ಕೀನ್ಯಾದಲ್ಲಿ ತಿಂಗಳ ಮಟ್ಟಿಗೆ ಅಭ್ಯಾಸಕ್ಕೆ ಕಳಿಸುತ್ತೇವೆ ಬಾ ಎಂದರು. ಮೊಲೆ ಕುಡಿಯುವ ಕೂಸನ್ನು ಬಿಟ್ಟು ಬರುವುದಿಲ್ಲ ಎಂದು ಇವಳು. ಹಾಗಾದರೆ ಕೂಸನ್ನೂ ಕರೆದುಕೊಂಡು ಬಾ, ಎತ್ತಿಕೊಳ್ಳಲು ಒಬ್ಬರನ್ನು ಕರೆದುಕೊಂಡು ಬಾ ಎಂದು ಅವರು. ಮಗ ಹೊಲ ಬಿಟ್ಟು ಬರುವಂತಿರಲಿಲ್ಲ, ಹಾಗಾಗಿ ಆ ಒಬ್ಬರು ನಾನು.

ನಮ್ಮ ಯಜಮಾನರು ಬೇಡ ಎನ್ನಲಿಲ್ಲ. ಆದರೆ ಊಟಕ್ಕೆ ಕುಳಿತಾಗ ಒಂದು ಮಾತು ಹೇಳಿದರು.

"ಹೋಗಿ ಬರ್ಲಿ. ಆದ್ರ ಇದೊಂದ ಸಲ. ಅಲ್ಲಿ ಆಗಲಿಲ್ಲಂದ್ರ ಓಟದ ಹೆಸರು ತಗೀಬಾರದು, ಮನಿ-ಕೂಸು ನೋಡ್ಕೊಂಡಿರಬೇಕು."

"ಆತ್ರಿ ಮಾಮಾ," ಎಂದಳು ಗೌರಿ. ಅವಳು ಯಾವುದಕ್ಕೂ ಹಾಗೆಯೇ ಅನ್ನುವವಳು.

ಆಗುವುದು ಬಿಡುವುದು ಎಂದರೆ ಏನೆಂದು ಆಮೇಲೆ ನನಗೆ ಬಿಡಿಸಿ ಹೇಳಿದಳು. ಅಲ್ಲಿಯ ಕೋಚ್ ಕೊನೆಯ ಶನಿವಾರ ದೊಡ್ಡ ಓಟ ಓಡಿಸುತ್ತಾರೆ. ಅಲ್ಲಿಯ ಹುಡುಗಿಯರ ಗುಂಪಿನ ಜೊತೆ ಓಡಿ ಮುಗಿಸಿದವರನ್ನು ಮುಂದೆ ವರ್ಷಪೂರ್ತಿ ಫೋನಿನಲ್ಲೇ ಕಲಿಸುತ್ತಾರೆ. ಹಿಂದೆ ಬಿದ್ದವರಿಗೆ ನಮಸ್ಕಾರ.

ನೈರೋಬಿ

ವಿಮಾನದಲ್ಲಿ ಕೂಸು ಅಳಲಿಲ್ಲ. ಇದು ಶಿವನ ಮೊದಲ ಉಪಕಾರ. ಹಿಂದಿನ ಸೀಟಿನ ದೊಡ್ಡ ಮನುಷ್ಯರೊಬ್ಬರು ಗೊರಕೆ ಹೊಡೆಯುತ್ತಿದ್ದರು, ಕೂಸು ಬಾಯಿ ತೆರೆದು ಅದನ್ನೇ ಕೇಳುತ್ತ ಬಂತು.

ಪಜೀತಿ ಆದದ್ದು ಇಳಿದ ಮೇಲೆ. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲವನ್ನೂ ನಾನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ, ಅದರ ಮೇಲೊಂದು ಕ್ಯಾರಿಬ್ಯಾಗು ಹಾಕಿ ತಂದಿದ್ದೆ. ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲ ನಡೆಯುವುದಿಲ್ಲವಂತೆ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಎಲ್ಲವನ್ನೂ ಬಿಚ್ಚಿಸಿದಳು. ಹಿಂದೆ ಮಂದಿ ಸಾಲು ನಿಂತಿದ್ದಾರೆ, ಮುಂದೆ ನನ್ನ ರೊಟ್ಟಿಯ ರಾಶಿ. ಅವಳು ಒಂದನ್ನು ಎತ್ತಿ, ಬಾಗಿಲು ತಟ್ಟಿದ ಹಾಗೆ ಬೆರಳಿನಿಂದ ತಟ್ಟಿ ನೋಡಿದಳು.

"ಇದು ತಿನ್ನೂದೇನು ಅಂತ ಕೇಳಾಕತ್ತಾಳ್ರಿ ಅತ್ತಿ," ಎಂದಳು ಗೌರಿ.

ನಾನು ಒಂದು ಚೂರು ಮುರಿದು, ಚಟ್ನಿ ಹಚ್ಚಿ ಕೊಟ್ಟೆ. ಅವಳು ಅತ್ತ ಇತ್ತ ನೋಡಿ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಸಾಲಿನಲ್ಲಿದ್ದವರೂ ಅವಳ ದವಡೆಯನ್ನೇ ನೋಡುತ್ತಿದ್ದರು.

"ಹಲ್ಲು ಗಟ್ಟಿ ಇರಬೇಕಂತ್ರಿ ಇದಕ್ಕ."

"ಹಲ್ಲಿಲ್ಲದೋರು ಹಾಲಾಗ ನೆನಸಿ ತಿಂತಾರಂತ ಹೇಳು."

ಅವಳು ನಕ್ಕಳು. ಚೀಲಗಳನ್ನು ಇಟ್ಟುಕೊಂಡು ರೊಟ್ಟಿಯನ್ನು ಬಿಟ್ಟಳು. ಕೂಸಿನ ಕೌದಿಯಲ್ಲಿ ಕಟ್ಟಿಕೊಂಡು ಹೊರಬಿದ್ದೆವು. ಹೊರಗೆ ದಾರಿಯ ಬದಿಯ ಗಿಡಗಳು ಬರೀ ಎಲೆ ಹೊತ್ತು ನಿಂತಿದ್ದವು. ನಮ್ಮ ಜತ್ತ ದಾರಿಯ ಜಾಲಿಗಿಡಗಳಿಗೆ ಹೂವಿಗಿಂತ ಕ್ಯಾರಿಬ್ಯಾಗೇ ಹೆಚ್ಚು. ಬಿಚ್ಚಿಸಿದ್ದಕ್ಕೆ ಬಂದಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಘಟ್ಟ ಹತ್ತುವ ದಾರಿ

ಈಟೆನ್‌ಗೆ ದಿನವೆಲ್ಲ ಪ್ರಯಾಣ. ಕೊನೆಯ ತುಂಡು ದಾರಿಗೆ ಒಂದು ವ್ಯಾನು ಸಿಕ್ಕಿತು. ಜತ್ತದಿಂದ ಹಳ್ಳಿಗಳಿಗೆ ಮಂದಿಯನ್ನು ತುರುಕಿಕೊಂಡು ಬರುವ ನಮ್ಮ ವಡಾಪ್ ಜೀಪಿನ ಖಾಸಾ ತಮ್ಮ ಅದು. ತುಂಬಿತು ಎಂದು ನಾವು ತಿಳಿದ ಮೇಲೂ ಐದಾರು ಮಂದಿ ಹತ್ತಿದರು. ಒಬ್ಬಾಕೆಯ ತೊಡೆಯ ಮೇಲೆ ಕೋಳಿ. ಕೂಸು ಕೋಳಿಯ ಪುಕ್ಕ ಹಿಡಿದರೆ ಕೋಳಿಯೂ ಸುಮ್ಮನಿತ್ತು, ಒಡತಿಯೂ ಸುಮ್ಮನಿದ್ದಳು.

ನಡುವೆ ನಿಲ್ಲಿಸಿದಲ್ಲಿ ಏನು ತಿನ್ನಲಿ, ಏನು ಕೇಳಲಿ ಎಂದು ಚಿಂತೆಯಾಗಿತ್ತು. ಅಂಗಡಿಯವನು "ಚಾಯ್? ಚಪಾತಿ?" ಎಂದ. ಅಷ್ಟು ದೂರ ಸಮುದ್ರ ದಾಟಿ ಹೋದರೆ ಅಲ್ಲಿಯೂ ಚಹಾ, ಚಪಾತಿ, ಅದೇ ಹೆಸರಿನಿಂದ! ಹಾಲು ಹಾಕಿ ಕುದಿಸಿದ ಚಹಾ. ಎರಡನೆಯ ಉಪಕಾರ ಎಂದು ಕುಡಿದೆ.

ಮೇಲೆ ಹತ್ತಿದ ಹಾಗೆ ಮಣ್ಣು ಕುಂಕುಮದಂತೆ ಕೆಂಪಾಯಿತು, ಗಾಳಿ ತಣ್ಣಗಾಯಿತು. ಇಳಿದು ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದರೆ ನನಗೆ ಏದುಸಿರು. ಊರು ಅಷ್ಟು ಎತ್ತರದಲ್ಲಿದೆ. ಇಲ್ಲಿ ಓಡಲು ಕಲಿತವರಿಗೆ ಕೆಳಗಿನ ಊರುಗಳಲ್ಲಿ ಓಟ ಹಗುರಾಗುತ್ತದೆಯಂತೆ. ನನಗೆ ಇಲ್ಲಿ ಉಸಿರಾಡುವುದೇ ಒಂದು ಕಸರತ್ತು.

ನಾವು ಇಳಿದುಕೊಂಡ ಮನೆಯ ಒಡತಿಯ ಹೆಸರು ರೂತ್. ಊರೆಲ್ಲ ಅವಳನ್ನು ಮಾಮಾ ರೂತ್ ಎನ್ನುತ್ತದೆ, ಅವರಲ್ಲಿ ಮಾಮಾ ಎಂದರೆ ತಾಯಿ. ನನ್ನ ವಯಸ್ಸಿನವಳು, ಆಕಳು ಕಟ್ಟಿದವಳು, ಉಣ್ಣುವ ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುವವಳು. ಅವಳಿಗೆ ಕನ್ನಡ ಬಾರದು, ನನಗೆ ಕನ್ನಡ, ಮರಾಠಿ ಬಿಟ್ಟು ಬೇರೆ ಬಾರದು. ಆದರೂ ಸಂಸಾರದ ಮಾತು ನಿಲ್ಲಲಿಲ್ಲ. ಸೋರೆಬುರುಡೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಕೊಟ್ಟಳು. ಕಪ್ಪು ಕಪ್ಪು ಕಾಣುತ್ತಿತ್ತು. ಬುರುಡೆಯ ಒಳಗೆ ಸುಟ್ಟ ಕಟ್ಟಿಗೆಯ ಬೂದಿ ಸವರುತ್ತಾರೆ ಎಂದು ಗೌರಿ ಹೇಳಿದಾಗ ನನಗೆ ಹೇಸಿಗೆಯ ಬದಲು ಭಕ್ತಿ ಬಂತು. ಬೂದಿ ಎಂದರೆ ನಮಗೆ ವಿಭೂತಿಯಲ್ಲವೇ? ಎರಡು ಬಟ್ಟಲು ಕುಡಿದೆ.

ಮೊದಲ ವಾರ

ಅಲ್ಲಿಯ ಓಟಗಾರರನ್ನು ನೋಡಿ ನನಗೆ ಬೆರಗಾದದ್ದು ಅವರ ಓಟ ಕಂಡಲ್ಲ, ಅವರು ಸುಮ್ಮನಿರುವುದನ್ನು ಕಂಡು. ಬೆಳಿಗ್ಗೆ ಓಡಿ ಬಂದು ಚಹಾ ಕುಡಿದು, ಉಂಡು, ಮಲಗಿಬಿಡುತ್ತಾರೆ. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ಯಾರ ಅಂಜಿಕೆಯೂ ಇಲ್ಲದೆ. ನಡೆದರೂ ಮೆಲ್ಲಗೆ. ನಮ್ಮಲ್ಲಿ ಹೆಣ್ಣುಮಗಳು ಮಧ್ಯಾಹ್ನ ಕಾಲು ಚಾಚಿದರೆ ಅವಳಿಗೆ ಜ್ವರ ಬಂದಿರಬೇಕು, ಇಲ್ಲವೇ ಮೈಗಳ್ಳತನ ಬಂದಿರಬೇಕು.

ಕೋಚ್ ಸ್ಯಾಮುವೆಲ್ ಎಂಬವರು ಉದ್ದನೆಯ, ಕಡಿಮೆ ಮಾತಿನ ಮನುಷ್ಯ. ಗೌರಿ ಎಷ್ಟು ಓಡುತ್ತಿದ್ದಳು, ಹೇಗೆ ಓಡುತ್ತಿದ್ದಳು ಎಂದೆಲ್ಲ ಕೇಳಿ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಏನಂತಾರ?" ಎಂದೆ.

"ಒಮ್ಮೆಲೆ ಅಷ್ಟೂ ಓಡಬ್ಯಾಡ, ಎರಡ ಪಾಲು ಮಾಡು ಅಂತಾರ್ರಿ ಅತ್ತಿ. ಮುಂಜಾನಿ ದೊಡ್ಡ ಪಾಲು, ಸಂಜಿಮುಂದ ಸಣ್ಣ ಪಾಲು. ಸಂಜಿದಂತೂ ಭಾಳ ಹಗೂರ, ಮಾತಾಡಕೋತ ಓಡೂದು."

"ಮಾತಾಡಕೋತ ಓಡೂದಾದ್ರ ಮನ್ಯಾಗ ಕುಂತ ಮಾತಾಡಬಾರದೇನ?"

ಗೌರಿ ನಕ್ಕಳು. "ನಡುವ ಉಣಬೇಕು, ಮಲಗಬೇಕು, ಕೂಸಿಗಿ ಕುಡಿಸಬೇಕಂತ್ರಿ. ಹಡದ ಮೈ ಒಮ್ಮೆಲೆ ಅಷ್ಟು ಭಾರ ಹೊರೂದಿಲ್ಲಂತ. ಬಿಡುವು ಕೊಟ್ಟು ಹೊರಿಸಿದ್ರ ಹೊರತೈತಂತ."

"ಸಂಜಿಮುಂದ ಅಂದ್ರ ಎಷ್ಟಕ್ಕ?"

"ಐದರ ಮ್ಯಾಲ. ಬರೂದ್ರಾಗ ಹೊತ್ತು ಮುಣಗತೈತ್ರಿ."

ಅಲ್ಲಿ ನಾನು ತಡೆದೆ. ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಹೊಸ್ತಿಲ ಒಳಗಿರುತ್ತಾರೆ. ಅದರಲ್ಲೂ ಎದೆಹಾಲು ಕೊಡುವ ಬಾಣಂತಿ ಆ ಹೊತ್ತಿನಲ್ಲಿ ಹೊರಗೆ ತಿರುಗಿದರೆ ಗಾಳಿ ಸೋಕುತ್ತದೆ, ಕಣ್ಣು ಬೀಳುತ್ತದೆ, ಹಾಲು ಕೆಡುತ್ತದೆ ಎಂದು ನನ್ನ ಅತ್ತೆ ನನ್ನನ್ನು ತಡೆದಿದ್ದರು. ನಾನೂ ಹಾಗೆಯೇ ಹೇಳಿದೆ.

"ಮುಂಜಾನಿ ಎಷ್ಟರ ಓಡು, ನನ್ನದೇನೂ ಇಲ್ಲ. ದೀಪ ಹಚ್ಚೋ ಹೊತ್ತಿಗಿ ಹೊಸ್ತಿಲ ದಾಟಬ್ಯಾಡವ್ವ."

"ಆತ್ರಿ ಅತ್ತಿ."

ಒಂದೇ ಹೊತ್ತು

ಮರುದಿನದಿಂದ ಗೌರಿ ಸಂಜೆಯೆಲ್ಲ ಮನೆಯಲ್ಲೇ ಇದ್ದಳು. ನಾನು ದೀಪ ಹಚ್ಚುತ್ತಿದ್ದೆ, ಅವಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಪರದೇಶದಲ್ಲೂ ಮನೆಯ ರೀತಿ ತಪ್ಪಲಿಲ್ಲ ಎಂದು ನನಗೆ ಸಮಾಧಾನ.

ಆದರೆ ಬೆಳಗಿನ ಓಟದಿಂದ ಅವಳು ಬರುವುದು ತಡವಾಗತೊಡಗಿತು. ಉಳಿದ ಹುಡುಗಿಯರು ಬಂದು, ಮೈ ತೊಳೆದು, ಬಟ್ಟೆ ಒಗೆದು ತಂತಿಯ ಮೇಲೆ ಹಾಕಿದ ಮೇಲೆ ಇವಳು ಕೆಂಪು ದಾರಿಯ ತಿರುವಿನಲ್ಲಿ ಕಾಣುತ್ತಿದ್ದಳು. ಅಷ್ಟರಲ್ಲಿ ಕೂಸು ಹಸಿದು ಕೈ ಚೀಪಿ ಕೈಯೆಲ್ಲ ಒದ್ದೆ. ಬಂದವಳೇ ಕುಡಿಸಲು ಕೂತರೆ ಕೂಸು ಎಳೆದು ಎಳೆದು ಬಿಟ್ಟು ಅಳುತ್ತಿತ್ತು, ಹಾಲೇ ಇಳಿಯುತ್ತಿರಲಿಲ್ಲ. ಗೌರಿ ತಾಟಿನ ಮುಂದೆಯೇ ತೂಕಡಿಸುತ್ತಿದ್ದಳು. ಮಧ್ಯಾಹ್ನ ಬಕೇಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದಳು.

"ಯಾಕವ್ವ, ಇಷ್ಟು ತಡ?"

"ದಾರಿ ದೂರ ಐತ್ರಿ ಅತ್ತಿ."

ಊರಿನಿಂದ ತಂದಿದ್ದ ಅಳವಿ ಬೀಜ ಹಾಕಿ ದಿನಾ ಪಾಯಸ ಮಾಡಿಕೊಟ್ಟೆ, ಹಾಲು ಹೆಚ್ಚಾಗಲಿ ಎಂದು. ಕಾಲಿಗೆ ಎಣ್ಣೆ ಹಚ್ಚಿದೆ. ಈ ಕೋಚ್ ಬಾಯಲ್ಲಿ ಬಿಡುವು ಬಿಡುವು ಎನ್ನುತ್ತ ಹುಡುಗಿಯನ್ನು ಅರೆಯುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಬೈದೆ. ಫೋನಿನಲ್ಲಿ ಯಜಮಾನರು ಹೇಗಿದ್ದೀರಿ ಎಂದರೆ, "ಎಲ್ಲಾ ಚಲೋ ಐತ್ರಿ," ಎಂದುಬಿಟ್ಟೆ. ಅವರಿಗೆ ನೆಪ ಸಿಕ್ಕರೆ ಮುಗಿಯಿತು.

ಒಂದು ಸಂಜೆ ನಾನು ಆರತಿ ಎತ್ತುತ್ತಿದ್ದಾಗ ಬಾಗಿಲಲ್ಲಿ ಕೋಚ್ ಬಂದು ನಿಂತರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ನನ್ನ ಪೂಜೆ ಮುಗಿಯುವವರೆಗೆ ಹೊರಗೇ ನಿಂತರು. ಬೈದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು. ಒಳಗೆ ಬಂದು ಗೌರಿಯನ್ನು ಏನೋ ಕೇಳಿದರು. ಅವಳು ತಲೆ ತಗ್ಗಿಸಿದಳು.

"ಏನಂತಾರ ಹೇಳು," ಎಂದೆ.

"ಸಂಜಿ ಓಟಕ್ಕ ಯಾಕ ಬರವಲ್ಲಿ ಅಂತಾರ್ರಿ."

"ನೀ ಏನಂದಿ?"

"ಕೂಸಿಗಿ ಆರಾಮಿಲ್ಲ ಅಂದಿದ್ನಿರಿ ಇಷ್ಟ ದಿನ."

ಕೂಸು ನನ್ನ ಕೈಯಲ್ಲಿ ಗುಂಡುಕಲ್ಲಿನ ಹಾಗೆ ಕೂತು ಕೋಚ್‌ನ ಟೊಪ್ಪಿಗೆಗೆ ಕೈ ಚಾಚುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೆಳಗೆ ಕೂತು ಗೌರಿಯ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತುತ್ತ ಬಂದರು. ಒಂದು ಕಡೆ ಗೌರಿ ತುಟಿ ಕಚ್ಚಿದಳು. ಅವರು ಬಹಳ ಹೊತ್ತು ಮಾತನಾಡಿದರು.

"ಏನಂತಾರ?"

"ಸ್ವಲ್ಪ ನೋವೈತಿ, ಕಡಿಮಿ ಆಗತೈತಿ ಅಂತಾರ್ರಿ."

ಇಷ್ಟುದ್ದದ ಮಾತಿಗೆ ಇಷ್ಟೇ ಕನ್ನಡವೇ? ಕೋಚ್‌ಗೂ ಅನುಮಾನ ಬಂದಿರಬೇಕು. ಎದ್ದು ಒಲೆಯ ಹತ್ತಿರದ ಪುಳ್ಳೆಯೊಂದನ್ನು ತಂದರು. ಅದನ್ನು ನನ್ನ ಕಣ್ಣ ಮುಂದೆ ಹಿಡಿದು ಮೆಲ್ಲಗೆ ಬಾಗಿಸಿದರು, ಬಿಟ್ಟರು. ಮತ್ತೆ ಬಾಗಿಸಿದರು, ಬಿಟ್ಟರು. ಪುಳ್ಳೆಗೆ ಏನೂ ಆಗಲಿಲ್ಲ. ಆಮೇಲೆ ಬಿಡದೆ ಒಂದೇ ಸಮನೆ ಬಾಗಿಸಿದರು. ಅದು ಲಟಕ್ಕೆಂದು ಮುರಿಯಿತು. ಎರಡು ತುಂಡನ್ನೂ ನನ್ನ ಕೈಗೆ ಕೊಟ್ಟು, ಗೌರಿಯ ಕಾಲು ತೋರಿಸಿ ಹೋದರು.

ಇದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

"ಖರೇ ಹೇಳು ಗೌರಿ. ಏನ ಮಾಡಾಕತ್ತಿ?"

"ಸಂಜಿ ಪಾಲೂ ಮುಂಜಾನಿಗೇ ಕೂಡಿಸಿ ಓಡಾಕತ್ತೀನ್ರಿ. ಎಲ್ಲಾರೂ ಹೊಳ್ಳಿದ ಮ್ಯಾಲ ನಾ ಒಬ್ಬಾಕಿನ ಮುಂದ ಹೋಗ್ತಿದ್ನಿ."

"ಸಂಜಿಗಿ ಬ್ಯಾಡ ಅಂದಿದ್ನಿ, ಖರೇ. ಎರಡೂ ಕೂಡಿಸಿ ಓಡು ಅಂದಿದ್ನೇನ ನಾ?"

"ಇಲ್ರಿ. ಆದ್ರ ಆ ಅರ್ಧ ಓಟ ಎಲ್ಲಿಡಬೇಕ್ರಿ ಅತ್ತಿ? ಮಾಮಾ ಇದೊಂದ ಸಲ ಅಂದಾರ. ನೀವು ಹೊಸ್ತಿಲ ದಾಟಬ್ಯಾಡ ಅಂದ್ರಿ. ಇಬ್ಬರ ಮಾತೂ ಮೀರಬಾರದಲ್ರಿ."

ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಜೋಳ ಎಲ್ಲಿ ಇಡಲಿ ಎಂದು ಕೇಳಿದ ಹಾಗೆ ಕೇಳಿದಳು.

ಮಳೆ ಬಂದ ಸಂಜೆ

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಮನಸ್ಸು ನಿಲ್ಲಲಿಲ್ಲ. ಎರಡು ಹೊತ್ತು ಪೂಜೆ ಮಾಡು ಎಂದು ನನಗೆ ಗುರುಗಳು ಹೇಳಿದ್ದು. ಸಂಜೆಯದನ್ನೂ ಬೆಳಿಗ್ಗೆಯೇ ಮುಗಿಸಿ ಕೈ ತೊಳೆದುಕೊಂಡರೆ ಅದು ಎರಡು ಪೂಜೆಯಾಗುತ್ತದೆಯೇ? ನಡುವೆ ಮನೆಗೆಲಸ, ಊಟ, ನಾಲ್ಕು ಮಂದಿಯ ಮಾತು ಎಲ್ಲ ಆಗಿ, ದಣಿದು ಮತ್ತೆ ಬಂದು ಕೂರುವುದರಲ್ಲಿಯೇ ಅದರ ಗುಣವಿದೆ. ನನಗೆ ಗೊತ್ತಿದ್ದದ್ದೇ. ಓಟಕ್ಕೂ ಹಾಗೆಯೇ ಎಂದು ಹೊಳೆದಿರಲಿಲ್ಲ ಅಷ್ಟೇ.

ಕೋಚ್ ಕೆಲವು ದಿನ ಓಟವನ್ನೇ ನಿಲ್ಲಿಸಿದರು. ಉಳಿದವರು ಓಡುವಾಗ ಗೌರಿ ಮಾಮಾ ರೂತ್‌ಳ ಆಕಳುಗಳ ಜೊತೆ ಸಣ್ಣಗೆ ನಡೆದಾಡಿದಳು. ದಿನ ಕಳೆಯುತ್ತಿದ್ದವು, ಶನಿವಾರ ಹತ್ತಿರ ಬರುತ್ತಿತ್ತು. ನೋವು ಇಳಿದ ಮೇಲೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಎಂದು ಮತ್ತೆ ಸುರುವಾಯಿತು. ಸಂಜೆಯದನ್ನು ಬಿಸಿಲಿರುವಾಗಲೇ ಮುಗಿಸಿ ಬರಲಿ ಎಂದು ನಾನು ಕೇಳಿಕೊಂಡೆ, ಕೋಚ್ ಒಪ್ಪಿದರು. ಅದೂ ಒಂದು ಉಪಕಾರವೇ. ದೀಪದ ಹೊತ್ತಿಗೆ ಗೌರಿ ಮನೆಯಲ್ಲಿ, ಓಟವೂ ಎರಡು ಪಾಲು. ಶಿವ ಎಲ್ಲರ ಮಾತನ್ನೂ ಉಳಿಸಿದ ಎಂದುಕೊಂಡೆ.

ಆದರೆ ಆ ಊರಿನ ಮಳೆಗೆ ನಮ್ಮ ಒಪ್ಪಂದ ಗೊತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಸುರುವಾದದ್ದು ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸುರಿಯಿತು. ನಿಂತಾಗ ಹೊತ್ತು ಮುಳುಗುವುದರಲ್ಲಿತ್ತು. ಹುಡುಗಿಯರು ದಾರಿಗೆ ಬಂದು ಗೌರಿಯನ್ನು ಕೂಗಿದರು. ಅವಳು ಬೂಟು ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತು ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಬತ್ತಿ ಇತ್ತು.

"ಹೋಗು," ಎಂದೆ.

"ಅತ್ತಿ, ದೀಪದ ಹೊತ್ತು..."

"ದೀಪ ನಾ ಹಚ್ತೀನಿ. ನೀ ಓಡಿ ಬಾ. ಕೆಸರೈತಿ, ಕಾಲು ನೋಡ್ಕೊಂಡ ಇಡು."

ಅವಳು ಹೋದಳು. ನಾನು ದೀಪ ಹಚ್ಚಿ, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹೊಸ್ತಿಲ ಬಳಿ ಕೂತೆ. ಎಷ್ಟು ಧೈರ್ಯ ಹೇಳಿಕೊಂಡರೂ ಕಣ್ಣು ದಾರಿಯ ಮೇಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಮಾಮಾ ರೂತ್ ಹಾಲು ಹಿಂಡುವುದನ್ನು ಮುಗಿಸಿ ಬಂದು ಪಕ್ಕದಲ್ಲಿ ಕೂತಳು. ಕತ್ತಲಾಗುವ ಮೊದಲೇ ದಾರಿಯ ಕಡೆಯಿಂದ ನಗು ಕೇಳಿಸಿತು. ಕೆಸರು ಮೆತ್ತಿಕೊಂಡ ನಾಲ್ಕಾರು ಹುಡುಗಿಯರು ಮಾತನಾಡುತ್ತ, ನಗುತ್ತ, ನಾನು ನಡೆಯುವಷ್ಟೇ ಮೆಲ್ಲಗೆ ಓಡಿ ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಮ್ಮ ಗೌರಿ. ಅವಳು ಅಷ್ಟು ಜೋರಾಗಿ ನಗುವುದನ್ನು ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ.

ಕೈಕಾಲು ತೊಳೆದು ಕೂಸನ್ನು ತೆಗೆದುಕೊಂಡಳು. ಕೂಸು ಗಟಗಟ ಕುಡಿದು ಹಾಗೆಯೇ ನಿದ್ದೆಹೋಯಿತು. ಆಮೇಲೆ ನಾನು ಹೊತ್ತು ಕೇಳುವುದನ್ನು ಬಿಟ್ಟೆ.

ಕೊನೆಯ ಶನಿವಾರ

ದೊಡ್ಡ ಓಟದ ದಿನ ಕೋಚ್ ನನ್ನನ್ನೂ ಕೂಸನ್ನೂ ತಮ್ಮ ಗಾಡಿಯಲ್ಲಿ ಕೂರಿಸಿಕೊಂಡರು. ಹುಡುಗಿಯರು ಮುಂದೆ, ಗಾಡಿ ಹಿಂದೆ. ದಾರಿ ಏರು, ಇಳಿವು, ಮತ್ತೆ ಏರು. ಸಾಲೆಗೆ ಹೋಗುವ ಮಕ್ಕಳು ಬದಿಗೆ ನಿಂತು ಕೂಗುತ್ತಿದ್ದವು. ಗೌರಿ ಗುಂಪಿನ ನಡುವೆ ಇದ್ದಳು, ಆಮೇಲೆ ಗುಂಪಿನ ಕೊನೆಗೆ ಬಂದಳು. ನಾನು ಸೆರಗಿನೊಳಗೆ ಲಿಂಗವನ್ನು ಹಿಡಿದು ಶಿವ ಶಿವ ಎನ್ನುತ್ತಿದ್ದೆ.

ಕೊನೆಯ ಏರಿನಲ್ಲಿ ಗುಂಪು ಅವಳನ್ನು ಬಿಟ್ಟು ಹೋಯಿತು.

ಮೊದಲು ಒಂದು ಮಾರು ಅಂತರ, ಆಮೇಲೆ ಹತ್ತು ಮಾರು. ಅವಳು ನಿಲ್ಲಲಿಲ್ಲ, ಆದರೆ ಅಂತರ ತುಂಬಲೂ ಇಲ್ಲ. ಗುಂಪು ಗುರಿ ಮುಟ್ಟಿ, ನೀರು ಕುಡಿಯುತ್ತ ನಿಂತ ಮೇಲೆ ಅವಳು ಮುಟ್ಟಿದಳು. ಒಬ್ಬಳೇ. ಮೊಣಕಾಲಿನ ಮೇಲೆ ಕೈಯಿಟ್ಟು ಬಾಗಿದಳು. ಯಜಮಾನರಿಗೆ ಫೋನಿನಲ್ಲಿ ಏನು ಹೇಳಲಿ ಎಂದು ನಾನು ಮಾತು ಜೋಡಿಸತೊಡಗಿದೆ.

ಕೋಚ್ ಇಳಿದು ಹೋಗಿ ಅವಳ ಕಾಲ ಬಳಿ ಕೂತರು. ನಾನೂ ಕೂಸನ್ನು ಎತ್ತಿಕೊಂಡು ಹಿಂದೆಯೇ ಇಳಿದೆ. ಅದೇ ಎಲುಬಿನ ಮೇಲೆ ಮೇಲಿನಿಂದ ಕೆಳಗೆ ಹೆಬ್ಬೆರಳು ಒತ್ತಿದರು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ತುಟಿ ಕಚ್ಚಲಿಲ್ಲ. ಅವರು ಇನ್ನೊಮ್ಮೆ ಒತ್ತಿ, ಎದ್ದು, ನಾಲ್ಕು ಮಾತು ಹೇಳಿ ಗಾಡಿಯ ಕಡೆ ನಡೆದರು. ಗೌರಿ ಅಲ್ಲೇ ನಿಂತಿದ್ದಳು.

"ಏನಂದ್ರು? ಇದ್ದದ್ದ ಹೇಳು, ಅರ್ಧ ನುಂಗಬ್ಯಾಡ."

"ಗುಂಪು ಇವತ್ತಲ್ಲ ನಾಳಿ ಸಿಗತೈತಿ, ಮುರದ ಎಲುಬು ಲಗೂನ ಕೂಡೂದಿಲ್ಲ ಅಂದ್ರು. ಕಾಲು ಗಟ್ಟಿ ಆಗೈತಂತ. ಸೋಮವಾರದಿಂದ ಮತ್ತ ಎರಡ ಹೊತ್ತಂತ. ಎಷ್ಟೆಷ್ಟು ಓಡಬೇಕಂತ ದಿನಾ ಫೋನ್‌ನಾಗ ಹೇಳ್ತಾರಂತ."

"ಸೋಮವಾರ ನಾವು ವಿಮಾನದಾಗ ಇರ್ತೀವಲ್ಲೇ!"

"ಹಂಗ ಅಂದ್ನಿರಿ. ಹಂಗಾರ ಮಂಗಳವಾರದಿಂದ ಅಂದ್ರು."

ನಾನು ಕೂಸನ್ನು ಅವಳ ಕೈಗೆ ಕೊಟ್ಟು ಸೆರಗಿನಿಂದ ಅವಳ ಮುಖ ಒರೆಸಿದೆ. ಕೆಂಪು ಧೂಳು ಸೆರಗಿಗೆ ಹತ್ತಿತು. ಗಾಡಿ ಹತ್ತದೆ ಮೂವರೂ ನಡೆದೇ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಅವಳು ಕೇಳಿದಳು.

"ಅತ್ತಿ, ಊರಾಗ ಸಂಜಿಮುಂದ ಯಾವ ದಾರಿ ಹಿಡೀಲ್ರಿ?"

ನಾನು ಯೋಚಿಸಿದೆ. "ಜತ್ತ ಕಡೆ ಬ್ಯಾಡ, ಟ್ರಕ್ಕು ಭಾಳ. ದರಿಬಡಚಿ ದಾರಿ ಹಿಡಿ. ಕುರಿಹಿಂಡು ಹೊಳ್ಳಿ ಬರೋ ಹೊತ್ತದು, ಸ್ವಲ್ಪ ಬದಿಗಿ ಓಡು. ಹಳ್ಳದ ತನಕ ನಾನೂ ಕೂಸಿನ್ನ ಎತ್ಕೊಂಡ ಬರ್ತೀನಿ."

"ಆ ಹೊತ್ತಿಗಿ ಕಟ್ಟಿ ಮ್ಯಾಲ ಮಂದಿ ಕುಂತಿರ್ತಾರ್ರಿ. ದೀಪ ಹಚ್ಚೋ ಹೊತ್ತಿಗಿ ಸೊಸಿ ಓಡಾಕತ್ತಾಳ ಅಂತ ನೋಡ್ತಾರ."

"ಮುಂಜಾನಿ ಒಮ್ಮೆ ನೋಡ್ಯಾರಲ್ಲ? ಸಂಜಿಗೊಮ್ಮೆ ನೋಡ್ಲಿ."